ನಾಯಿ ಮಾತು ಕೇಳಲ್ಲ ಅಂತೀರಾ? ಮೊದ್ಲು ನಿಮ್ಮ ಕಾಲು ನೋಡ್ಕೊಳ್ಳಿ

ಅಜಿಲಿಟಿ ಅಂದ್ರೆ ಜಂಪ್, ಟನಲ್ ಥರದ ಅಡೆತಡೆಗಳನ್ನ ನಾಯಿ ನಾವು ಹೇಳಿದ ಕ್ರಮದಲ್ಲಿ ದಾಟೋ ಆಟ. ಇದ್ರ ಕ್ಲಾಸಿಗೆ ಬರೋರಲ್ಲಿ ಮುಕ್ಕಾಲು ಪಾಲು ಜನ್ರದ್ದು ಒಂದೇ ದೂರು. "ಸರ್, ನಾನು ಟನಲ್ ಟನಲ್ ಅಂತ ಬಡ್ಕೋತಿದೀನಿ, ಇವ್ನು ಜಂಪ್ ಕಡೆ ಓಡ್ತಾನೆ, ಬೇಕಂತ್ಲೇ ಮಾಡ್ತಾನೆ." ಇಲ್ಲ ಸ್ವಾಮಿ, ಬಾಯಿ ಟನಲ್ ಅಂತಿದೆ ನಿಜ, ಆದ್ರೆ ನಿಮ್ಮ ಪಾದ, ಮೊಣಕಾಲು, ಭುಜ ಎಲ್ಲಾ ಜಂಪ್ ಕಡೆ ತಿರುಗಿವೆ, ನಾಯಿ ನಂಬೋದು ಅದನ್ನೇ.

ಕೈ ತೋರಿಸಿದ್ನಲ್ಲ ಅಂತೀರಿ. ಕೈ ಸಾಲಲ್ಲ. ಓಡೋ ನಾಯಿ ನಿಮ್ಮನ್ನ ಓರೆಗಣ್ಣಲ್ಲಿ ನೋಡ್ತಿರುತ್ತೆ, ಅದಕ್ಕೆ ಕಾಣೋದು ನೀವು ಯಾವ ಕಡೆ ಹೋಗ್ತಿದೀರಿ, ಜೋರಾಗಿದೀರಾ ನಿಧಾನ ಆದ್ರಾ ಅಷ್ಟೇ. ಜೋರಾಗಿ ಓಡಿದ್ರೆ ಅದೂ ಮುಂದಕ್ಕೆ ಹೋಗುತ್ತೆ, ನಿಧಾನ ಮಾಡಿದ್ರೆ ನಿಮ್ಮ ಕಡೆ ತಿರುಗುತ್ತೆ. ಇನ್ನೊಂದು, ಯಾವ ಕಡೆ ತಿರುಗ್ಬೇಕು ಅಂತ ಹೇಳೋದಾದ್ರೆ ನಾಯಿ ಹಾರೋಕೆ ಮುಂಚೆ ಹೇಳ್ಬೇಕು. ಹಾರಿದ್ಮೇಲೆ ಕೂಗಿದ್ರೆ ಗಾಳಿಲಿರೋ ನಾಯಿ ಏನ್ ಮಾಡ್ಬೇಕು ಪಾಪ, ಅದು ಆಗ್ಲೇ ನೇರ ಇಳಿಯೋಕೆ ರೆಡಿ ಆಗಿರುತ್ತೆ. ನಮ್ಮ ಮುಧೋಳ ನಾಯಿಗಳಂತೂ ಕಣ್ಣಿಂದ ಬೇಟೆ ಆಡೋ ತಳಿ, ಚಲನೆ ಕಂಡ ಕಡೆ ಹೊರಟೇ ಬಿಡ್ತವೆ.

ಸ್ಪರ್ಧೆಗಳಲ್ಲಿ ರನ್‌ಗೆ ಮುಂಚೆ ನಾಯಿ ಇಲ್ದೆ ಹ್ಯಾಂಡ್ಲರ್‌ಗಳು, ಅಂದ್ರೆ ನಾಯಿ ಓಡಿಸೋರು ಮಾತ್ರ, ಅಡೆತಡೆ ಇಟ್ಟಿರೋ ಕೋರ್ಸಲ್ಲಿ ನಡ್ಕೊಂಡು ನೋಡ್ತಾರಲ್ಲ, ಅದು ಟೈಂಪಾಸ್‌ಗಲ್ಲ. ಎಲ್ಲಿ ನಿಲ್ಬೇಕು, ಎಲ್ಲಿ ತಿರುಗ್ಬೇಕು ಅಂತ ಲೆಕ್ಕ ಹಾಕೋಕೆ. ನಮ್ಮ ಗ್ರೂಪಲ್ಲಿ ಮಂಡಿ ನೋವಿರೋ ಆಂಟಿ ಒಬ್ರಿದಾರೆ, ಅವರ ನಾಯಿ ಬೀದಿಯಿಂದ ತಂದದ್ದು. ಓಡೋದೇ ಇಲ್ಲ ಅವರು, ಆದ್ರೆ ಟೈಂಗೆ ಸರಿಯಾಗಿ ಸರಿಯಾದ ಜಾಗದಲ್ಲಿರ್ತಾರೆ. ದುಬಾರಿ ಬಾರ್ಡರ್ ಕಾಲಿ ತಳಿ ನಾಯಿ ತಂದು ಶಿಳ್ಳೆ ಹೊಡ್ಕೊಂಡು ಓಡಾಡೋ ಹುಡುಗ್ರಿಗಿಂತ ಅವರ ರೌಂಡೇ ಕ್ಲೀನು. ನಂಗಂತೂ ಅವರನ್ನ ನೋಡೋದೇ ಖುಷಿ.

ಎಲ್ಲಾ ಸಲ ತಪ್ಪು ನಿಮ್ದೇ ಅಂತಲ್ಲ. ಚೆನ್ನಾಗಿ ಹಾರ್ತಿದ್ದ ನಾಯಿ ಇದ್ದಕ್ಕಿದ್ದಂಗೆ ಹಿಂದೇಟು ಹಾಕಿದ್ರೆ ನೋವಿರ್ಬಹುದು, ಮೊದ್ಲು ವೆಟ್ ಹತ್ರ ಹೋಗಿ. ಮರಿಗಳಿಗೆ ಎತ್ತರದ ಜಂಪ್ ಬೇಡ, ಮೂಳೆ ಇನ್ನೂ ಬೆಳೀತಿರುತ್ತೆ, ಎಫ್‌ಸಿಐ (ನಾಯಿಗಳ ಅಂತರರಾಷ್ಟ್ರೀಯ ಒಕ್ಕೂಟ) ಸ್ಪರ್ಧೆಗೂ 18 ತಿಂಗಳು ಆಗ್ಲೇಬೇಕು. ಅಲ್ಲೀವರೆಗೆ ಜಂಪಿನ ಅಡ್ಡಪಟ್ಟಿ ನೆಲದ ಮೇಲಿಟ್ಟು ನಿಮ್ಮ ಕಾಲಿಗೇ ಟ್ರೇನಿಂಗ್ ಕೊಡಿ.

ಮನೆಯೋರ ಕೈಲಿ ಹಿಂದಿನಿಂದ ವಿಡಿಯೋ ಮಾಡ್ಸಿ, ಸೌಂಡ್ ಮ್ಯೂಟ್ ಮಾಡಿ ನೋಡಿ. ಮುಂದೆ ಎಲ್ಲಿಗೆ ಹೋಗ್ಬೇಕು ಅಂತ ನಿಮಗೇ ಗೊತ್ತಾಗ್ಲಿಲ್ಲ ಅಂದ್ರೆ ನಾಯಿನ ಬೈಬೇಡಿ. ಇನ್ನೊಂದು ಮಾತು, ಗ್ರೌಂಡಿಗೆ ಹವಾಯಿ ಚಪ್ಪಲಿ ಹಾಕ್ಕೊಂಡು ಬರ್ಬೇಡಿ ದಯವಿಟ್ಟು.