ಮೆಕ್ಕೆಜೋಳದ ಮೇಲಿನ ಅಪವಾದ

ಬಿಯರ್ ರುಚಿ ಪರೀಕ್ಷೆಯ ತರಬೇತಿ ಕೊಡುವ ನನಗೆ ಬ್ರೆಜಿಲ್‌ನ ಬ್ರಹ್ಮ ಎಂಬ ಲಾಗರ್ (ತಂಪಿನಲ್ಲಿ ಹುದುಗಿಸುವ ಬಗೆಯ ಬಿಯರ್) ಕುರಿತು ಜನ ಬರೆದ ಷರಾಗಳನ್ನು ತಿದ್ದುವುದೇ ಒಂದು ಕೆಲಸವಾಗಿದೆ. ಹತ್ತರಲ್ಲಿ ಆರು ಮಂದಿ ಒಂದೇ ಮಾತು ಬರೆಯುತ್ತಾರೆ: ಇದಕ್ಕೆ ಮೆಕ್ಕೆಜೋಳ ಬೆರೆಸಿದ್ದಾರೆ, ಆದ್ದರಿಂದಲೇ ಬೇಯಿಸಿದ ಜೋಳದ ವಾಸನೆ, ಐದಕ್ಕೆ ಎರಡು ಅಂಕ. (ಹೆಸರು ಕೇಳಿ ನಗುವವರೂ ಇದ್ದಾರೆ. 1888ರಲ್ಲಿ ಸ್ವಿಟ್ಜರ್ಲೆಂಡ್ ಮೂಲದ ಜೋಸೆಫ್ ವಿಲಿಗರ್ ರಿಯೊ ಡಿ ಜನೈರೊದಲ್ಲಿ ತೆರೆದ ಕಾರ್ಖಾನೆಗೆ ಆ ಹೆಸರು ಬಂದ ಬಗೆಗೆ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ಅವು ಇಲ್ಲಿ ಬೇಡ.)

ಮೆಕ್ಕೆಜೋಳ ಇರುವುದು ನಿಜ. ಬಿಯರಿನ ಒಟ್ಟು ಸಾರದಲ್ಲಿ ಮಾಲ್ಟ್ ಮಾಡದ, ಅಂದರೆ ಮೊಳೆಯಿಸಿ ಒಣಗಿಸದ, ಧಾನ್ಯದ ಪಾಲು ಶೇ. 45ರವರೆಗೂ ಇರಲು ಬ್ರೆಜಿಲ್‌ನ ಕಾನೂನು ಅವಕಾಶ ಕೊಟ್ಟಿದೆ. ಅದರಿಂದ ಬಿಯರ್ ತೆಳುವಾಗುತ್ತದೆ, ಖರ್ಚೂ ಇಳಿಯುತ್ತದೆ. ಇದನ್ನು ಆಕ್ಷೇಪಿಸುವವರೊಡನೆ ನನಗೆ ಜಗಳವಿಲ್ಲ. ಆದರೆ ಆ ವಾಸನೆ ಮೆಕ್ಕೆಜೋಳದ್ದಲ್ಲ, ಬಾರ್ಲಿ ಮಾಲ್ಟಿನದು. ಬಾರ್ಲಿ ಮೊಳೆಯುವಾಗ ಅದರಲ್ಲಿ ಎಸ್‌ಎಂಎಂ ಎಂಬ ಗಂಧಕಯುಕ್ತ ವಸ್ತು ಹುಟ್ಟುತ್ತದೆ. ಕಪ್ಪು ಮಾಲ್ಟನ್ನು ಹೆಚ್ಚಿನ ಶಾಖದಲ್ಲಿ ಒಣಗಿಸುವಾಗ ಅದು ಬಹುಪಾಲು ನಾಶವಾದರೆ, ಲಾಗರಿಗೆ ಬಳಸುವ ತಿಳಿಬಣ್ಣದ ಮಾಲ್ಟಿನಲ್ಲಿ ಸಾಕಷ್ಟು ಉಳಿದುಕೊಂಡು, ಹಂಡೆಯಲ್ಲಿ ಕುದಿಯುವಾಗ ಒಡೆದು, ಆ ವಾಸನೆ ಬೀರುವ ಡೈಮೀಥೈಲ್ ಸಲ್ಫೈಡ್ ಆಗುತ್ತದೆ. ಚೆನ್ನಾಗಿ ಕುದಿಸಿದರೆ ಅದು ಹಬೆಯೊಡನೆ ಹೊರಟುಹೋಗುತ್ತದೆ. ಕುದಿತ ಸಾಲದಿದ್ದರೆ, ಅಥವಾ ಕುದಿಸಿದ ರಸವನ್ನು ತಣಿಸಲು ತಡವಾದರೆ, ಒಳಗೇ ಉಳಿಯುತ್ತದೆ. ಎಲೆಕೋಸನ್ನು ಮುಚ್ಚಳ ಮುಚ್ಚಿ ಬೇಯಿಸಿದ ಅಡುಗೆಮನೆಯ ವಾಸನೆಯಲ್ಲಿಯೂ ಇದರದೇ ಪಾಲಿದೆ. ಹಾಗೆ ನೋಡಿದರೆ ಮೆಕ್ಕೆಜೋಳ ಬೆರೆಸಿದಷ್ಟೂ ಮಾಲ್ಟಿನ ಪಾಲು ತಗ್ಗಿ ಈ ವಾಸನೆಯ ಮೂಲವೇ ಕಡಿಮೆಯಾಗಬೇಕು. ಮೆಕ್ಕೆಜೋಳ ತನ್ನದೇ ಆದ ಸಣ್ಣ ಸಿಹಿಯನ್ನು ನಾಲಿಗೆಯ ಮೇಲೆ ಬಿಡಬಹುದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ; ಆದರೆ ಮೂಗಿಗೆ ಅಡರುವ ಬೆಂದ ತೆನೆಯ ವಾಸನೆಯೇ ಬೇರೆ.

ಕಳೆದ ತಂಡಕ್ಕೆ ಹೆಸರು ಹೇಳದೆ ಎರಡು ಲೋಟ ಕೊಟ್ಟಿದ್ದೆ: ಒಂದರಲ್ಲಿ ಬರೀ ಮಾಲ್ಟಿನ ಲಾಗರ್, ಇನ್ನೊಂದರಲ್ಲಿ ಮೆಕ್ಕೆಜೋಳ ಬೆರೆತದ್ದು. ಬಹುತೇಕ ಎಲ್ಲರೂ ಮೊದಲನೆಯದನ್ನು ತೋರಿಸಿ, "ಸಾರ್, ಇದೇ ಜೋಳದ್ದು" ಎಂದರು. ಒಬ್ಬ ಹುಡುಗನಂತೂ ಉತ್ತರ ಕೇಳಿದ ಮೇಲೂ ನಾನೇ ಲೋಟ ಅದಲುಬದಲು ಮಾಡಿದ್ದೇನೆಂದು ವಾದಿಸಿದ. ಅವನ ಹಟ ನನಗೆ ಇಷ್ಟವಾಯಿತು, ಅಂಕ ಮಾತ್ರ ಕೊಡಲಿಲ್ಲ.

ಇನ್ನು ಕುಡಿಯುವಾಗಿನ ಉಷ್ಣತೆಯ ಮಾತು. ರಿಯೊದ ಬೀದಿಬದಿಯ ಬೊಟೆಕಿಂ ಎಂಬ ಸಣ್ಣ ಬಾರುಗಳಲ್ಲಿ 600 ಮಿಲಿಲೀಟರ್ ಬಾಟಲಿಯನ್ನು ಮೈಮೇಲೆ ಹಿಮದ ಪೊರೆ ಕಟ್ಟುವಷ್ಟು ತಣಿಸಿ ತಂದಿಡುತ್ತಾರೆ. ಆ ಪೊರೆಗೆ ಅವರು ಮದುಮಗಳ ಮುಸುಕು ಎನ್ನುತ್ತಾರೆ. ಬಿಯರನ್ನು ಸಣ್ಣ ಲೋಟಗಳಿಗೆ ಹಂಚಿಕೊಂಡು, ಬಿಸಿಯೇರುವ ಮುನ್ನ ಮುಗಿಸುತ್ತಾರೆ. ಆ ಚಳಿಯಲ್ಲಿ ವಾಸನೆ ಮೇಲೇಳುವುದೇ ಕಡಿಮೆ. ಹಡಗಿನಲ್ಲಿ ತಿಂಗಳುಗಟ್ಟಲೆ ಬಂದ ಬಾಟಲಿಯನ್ನು ಅಗಲ ಲೋಟಕ್ಕೆ ಸುರಿದು, ಅರ್ಧ ಗಂಟೆ ಮೂಸುತ್ತ ಕುಳಿತು ಒದ್ದೆ ರಟ್ಟಿನ ವಾಸನೆ ಎಂದು ಬರೆಯುವವರು ಬಹುಶಃ ಸರಿಯಾಗಿಯೇ ಗುರುತಿಸಿದ್ದಾರೆ. ಅದು ಬಿಯರ್ ಹಳತಾದುದರ ಗುರುತು, ಪಾಕದ ತಪ್ಪಲ್ಲ.

ಬ್ರಹ್ಮ ಉತ್ಕೃಷ್ಟ ಬಿಯರೆಂದು ನಾನು ವಾದಿಸುತ್ತಿಲ್ಲ. ಕಹಿ ಕಡಿಮೆ, ನುಂಗಿದ ಮೇಲೆ ಬಾಯಲ್ಲಿ ಉಳಿಯುವುದು ಅಲ್ಪ. ನಾನಾದರೂ ಐದಕ್ಕೆ ಎರಡೂವರೆ ಕೊಟ್ಟೇನು. ಷರಾದಲ್ಲಿ "ತೆಳು" ಎಂದಷ್ಟೇ ಬರೆದು, ಬಾಟಲಿಯ ತಾರೀಖನ್ನೂ ಕುಡಿದಾಗಿನ ಉಷ್ಣತೆಯನ್ನೂ ಪಕ್ಕದಲ್ಲಿ ನಮೂದಿಸುತ್ತೇನೆ.