ಚಾಕು ಯಾರ ಕೈಯಲ್ಲಿ?

1987ರ ‘ಫೇಟಲ್ ಅಟ್ರ್ಯಾಕ್ಷನ್’ ನೋಡಿದವರಿಗೆ ಕುದಿಯುವ ಪಾತ್ರೆಯೊಳಗಿನ ಮೊಲ ಮರೆಯುವುದಿಲ್ಲ, ಕೊನೆಯ ಬಚ್ಚಲುಮನೆ ಹೊಡೆದಾಟವೂ ಮರೆಯುವುದಿಲ್ಲ. ಆದರೆ ನಿರ್ದೇಶಕ ಏಡ್ರಿಯನ್ ಲೈನ್ ಮೊದಲು ಚಿತ್ರೀಕರಿಸಿದ ಅಂತ್ಯದಲ್ಲಿ ಆ ಹೊಡೆದಾಟವೇ ಇರಲಿಲ್ಲ. ಅದರಲ್ಲಿ ನಾಯಕಿ ಅಲೆಕ್ಸ್, ಇಟಲಿಯ ಸಂಗೀತ ಸಂಯೋಜಕ ಪುಚ್ಚಿನಿಯ ‘ಮಾದಮಾ ಬಟರ್‌ಫ್ಲೈ’ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಕೇಳುತ್ತಾ ತನ್ನ ಕತ್ತನ್ನು ತಾನೇ ಕೊಯ್ದುಕೊಳ್ಳುತ್ತಾಳೆ. ಚಾಕುವಿನ ಮೇಲೆ ಅವಳ ಜೊತೆ ಗುಟ್ಟಿನ ಸಂಬಂಧ ಬೆಳೆಸಿ ಕೈಬಿಟ್ಟ, ಮದುವೆಯಾದ ಡ್ಯಾನ್‌ನ ಬೆರಳಚ್ಚು ಇರುತ್ತದೆ. ಪೊಲೀಸರು ಅವನ ಮನೆ ಬಾಗಿಲಿಗೆ ಬರುತ್ತಾರೆ.

ಈ ಚಿತ್ರ ಒಪೆರಾದ ನೇರ ರೂಪಾಂತರವಲ್ಲ. ಆದರೂ ಅದರ ಎಲುಬುಗೂಡು ಅಲ್ಲಿಂದಲೇ ಬಂದದ್ದು. ಬಟರ್‌ಫ್ಲೈ ನೋಡಲು ಡ್ಯಾನ್‌ಗೂ ಸೇರಿಸಿ ಟಿಕೆಟ್ ತಂದವಳು ಅಲೆಕ್ಸ್. ಅವನು ಬರುವುದಿಲ್ಲ. ಅವನು ಹೆಂಡತಿ, ಗೆಳೆಯರ ಜೊತೆ ನಗುತ್ತಿರುವಾಗ ಇವಳು ಕತ್ತಲಲ್ಲಿ ನೆಲದ ಮೇಲೆ ಕುಳಿತು ದೀಪ ಹಚ್ಚುತ್ತಾಳೆ, ಆರಿಸುತ್ತಾಳೆ, ಮತ್ತೆ ಹಚ್ಚುತ್ತಾಳೆ. ಹಿನ್ನೆಲೆಯಲ್ಲಿ ಅದೇ ಒಪೆರಾ. ನನಗೆ ಮೊಲಕ್ಕಿಂತ ಭಯ ಹುಟ್ಟಿಸಿದ್ದು ಈ ದೃಶ್ಯ.

ಒಪೆರಾದ ಕತೆಯ ಮೂಲ 1898ರಲ್ಲಿ ಅಮೆರಿಕದ ಜಾನ್ ಲೂಥರ್ ಲಾಂಗ್ ಬರೆದ ಸಣ್ಣಕತೆ. ನೌಕಾಪಡೆಯ ಅಧಿಕಾರಿ ಪಿಂಕರ್ಟನ್ ನಾಗಸಾಕಿಯಲ್ಲಿ ‘ಬಟರ್‌ಫ್ಲೈ’ ಎಂಬ ಚೋ ಚೋ ಸಾನ್‌ಳನ್ನು ಮದುವೆಯಾಗಿ, ಬಿಟ್ಟುಹೋಗಿ, ಬೇರೊಬ್ಬಳನ್ನು ಕಟ್ಟಿಕೊಳ್ಳುತ್ತಾನೆ. ವಿಚಿತ್ರವೆಂದರೆ ಲಾಂಗ್‌ನ ನಾಯಕಿ ಸಾಯುವುದಿಲ್ಲ. ಕತ್ತಿ ಎತ್ತಿದವಳು ಕೊನೆಗೆ ಮಗುವನ್ನು ಕರೆದುಕೊಂಡು ಹೊರಟುಬಿಡುತ್ತಾಳೆ; ಮರುದಿನ ಬಂದವರಿಗೆ ಸಿಗುವುದು ಖಾಲಿ ಮನೆ. ಅವಳನ್ನು ಸಾಯಿಸಿದ್ದು 1900ರಲ್ಲಿ ಅದನ್ನು ನಾಟಕ ಮಾಡಿದ ಡೇವಿಡ್ ಬೆಲಾಸ್ಕೊ. ಲಂಡನ್ನಿನಲ್ಲಿ ಆ ನಾಟಕ ನೋಡಿದ ಪುಚ್ಚಿನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಕತೆ ಮನಸ್ಸಿಗೆ ನಾಟಿತು.

1904ರ ಫೆಬ್ರವರಿ 17ರಂದು ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಒಪೆರಾದ ಮೊದಲ ಪ್ರದರ್ಶನ. ಪ್ರೇಕ್ಷಕರು ಗೇಲಿ ಮಾಡಿ, ಕೂಗಾಡಿ ಎಬ್ಬಿಸಿದರು. ಒಂದೇ ರಾತ್ರಿಗೆ ಅದನ್ನು ಹಿಂತೆಗೆದುಕೊಂಡ ಪುಚ್ಚಿನಿ, ಉದ್ದವಾಗಿದ್ದ ಎರಡನೇ ಅಂಕವನ್ನು ಒಡೆದರು, ಪಿಂಕರ್ಟನ್‌ಗೆ ಪಶ್ಚಾತ್ತಾಪದ ಹೊಸ ಹಾಡೊಂದನ್ನು ಕೊಟ್ಟರು. ಮೇ 28ರಂದು ಬ್ರೆಷಾದಲ್ಲಿ ಅದೇ ಒಪೆರಾ ಗೆದ್ದಿತು.

‘ಫೇಟಲ್ ಅಟ್ರ್ಯಾಕ್ಷನ್’ಗೂ ಆದದ್ದು ಹೆಚ್ಚುಕಮ್ಮಿ ಇದೇ. ಬಿಡುಗಡೆಗೆ ಮುಂಚಿನ ಪ್ರಾಯೋಗಿಕ ಪ್ರದರ್ಶನಗಳಲ್ಲಿ ಪ್ರೇಕ್ಷಕರಿಗೆ ಆತ್ಮಹತ್ಯೆ ಸಾಲಲಿಲ್ಲ, ಅಲೆಕ್ಸ್‌ಗೆ ಶಿಕ್ಷೆಯೇ ಆಗಬೇಕಿತ್ತು. ಆ ಪಾತ್ರ ಮಾಡಿದ ಗ್ಲೆನ್ ಕ್ಲೋಸ್ ಬಲವಾಗಿ ವಿರೋಧಿಸಿದರೂ ಅಂತ್ಯವನ್ನು ಮತ್ತೆ ಚಿತ್ರೀಕರಿಸಲಾಯಿತು. ಈಗ ಅವಳು ಚಾಕು ಹಿಡಿದು ಡ್ಯಾನ್‌ನ ಮನೆಗೇ ನುಗ್ಗುತ್ತಾಳೆ. ಅವನ ಹೆಂಡತಿ ಗುಂಡು ಹಾರಿಸುತ್ತಾಳೆ.

ಎರಡು ತಿದ್ದುಪಡಿಗಳಲ್ಲೂ ಬಚಾವಾದದ್ದು ಗಂಡಸೇ. ಪಿಂಕರ್ಟನ್‌ಗೆ ಅಳಲು ಹಾಡು ಸಿಕ್ಕಿತು, ಡ್ಯಾನ್‌ನ ಬಂಧನ ಮಾಯವಾಯಿತು.

ಇದನ್ನು ತಿರುವಿಹಾಕಿದ್ದು ಡೇವಿಡ್ ಹೆನ್ರಿ ಹ್ವಾಂಗ್ 1988ರಲ್ಲಿ ರಂಗಕ್ಕೆ ತಂದ ನಾಟಕ ‘ಎಂ. ಬಟರ್‌ಫ್ಲೈ’. ಚೀನಾದ ಒಪೆರಾ ಗಾಯಕಿಯೆಂದು ನಂಬಿ ಒಬ್ಬ ಗಂಡಸನ್ನೇ ವರ್ಷಗಟ್ಟಲೆ ಪ್ರೀತಿಸಿದ ಫ್ರೆಂಚ್ ರಾಯಭಾರ ಕಚೇರಿಯ ನೌಕರನೊಬ್ಬನ ನಿಜ ಪ್ರಕರಣ ಅದಕ್ಕೆ ಆಧಾರ. 1993ರಲ್ಲಿ ಡೇವಿಡ್ ಕ್ರೋನೆನ್‌ಬರ್ಗ್ ಅದನ್ನು ಸಿನಿಮಾ ಮಾಡಿದಾಗ, ಆ ನೌಕರನಾಗಿ ನಟಿಸಿದ ಜೆರೆಮಿ ಐರನ್ಸ್ ಬಟರ್‌ಫ್ಲೈ ವೇಷದಲ್ಲಿ, ಜೈಲಿನಲ್ಲಿ, ಕನ್ನಡಿ ಚೂರಿನಿಂದ ಕತ್ತು ಕೊಯ್ದುಕೊಂಡರು. ಚಿತ್ರ ಓಡಲಿಲ್ಲ.