ಫೈಲಿಗೂ ಒಂದು ಕೆರೆ, ಕೆರೆಗೊಬ್ಬ ನೀರುಗಂಟಿ

ಕೋಲಾರದ ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಹೋಗಿದ್ದೆ. ಮೆಷಿನ್ ಡ್ರಾಯಿಂಗ್ ಒಂದನ್ನು ಕ್ಲಿಕ್ ಮಾಡಿ, ಟೀ ಕುಡಿದು ಬಂದರೂ ಅದು ತೆರೆದಿರಲಿಲ್ಲ. ಅವರು ಆಗಲೇ ಇಂಟರ್‌ನೆಟ್ ಸ್ಪೀಡ್ ಎರಡು ಪಟ್ಟು ಮಾಡಿಸಿದ್ದರು. ಪಕ್ಕದ ಕೋಣೆಯಲ್ಲಿದ್ದ ಸರ್ವರ್, ಅಂದರೆ ಫೈಲು ಇಟ್ಟು ಕೊಡುವ ಕಂಪ್ಯೂಟರ್, ಅದರ ಮುಖವನ್ನು ಈಶಾನ್ಯಕ್ಕೂ ತಿರುಗಿಸಿ ಆಗಿತ್ತು. ನಿಂಬೆಹಣ್ಣು ಬೇರೆ. ಪೂಜೆಗೆ ನನ್ನ ತಕರಾರಿಲ್ಲ. ಆದರೆ ಎಂಬಿಪಿಎಸ್, ಅಂದರೆ ಇಂಟರ್‌ನೆಟ್ ಸ್ಪೀಡಿನ ಅಳತೆ, ಜಾಸ್ತಿಯಾದರೆ ಎಲ್ಲ ಸರಿಹೋಗುತ್ತದೆ ಅನ್ನೋದೂ ಒಂದು ಮೂಢನಂಬಿಕೆಯೇ, ಅಲ್ವಾ?

ಪೈಪು ದಪ್ಪವಾದ ಮಾತ್ರಕ್ಕೆ ಊರು ಹತ್ತಿರ ಬರುವುದಿಲ್ಲ. ಅವರ ಮುಖ್ಯ ಸರ್ವರ್ ಇದ್ದದ್ದು ಜರ್ಮನಿಯಲ್ಲಿ. ಇಂಟರ್‌ನೆಟ್ ಕೇಬಲ್ಲಿನ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. 7,000 ಕಿ.ಮೀ. ಹೋಗಿ ಬರಲು 70 ಮಿಲಿಸೆಕೆಂಡ್ ಬೇಕೇ ಬೇಕು. ಒಂದು ಡ್ರಾಯಿಂಗಿಗೆ ನೂರಾರು ಬಿಡಿಭಾಗಗಳ ಫೈಲು, ಒಂದೊಂದಕ್ಕೂ ಹಲವು ಸಲ ಓಡಾಟ.

ದೂರದ ಈ ತೊಂದರೆ ಕೋಲಾರಕ್ಕೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟ್ ತಂದರು. ಆದರೆ ಕರೆಂಟನ್ನು ಗಣಿಯ ಬಳಿ ಕೂಡಿಡಲು ಆಗುತ್ತಿರಲಿಲ್ಲ. ಇಲ್ಲಿ ಬೇಕಾದಾಗಲೆಲ್ಲ ಅಲ್ಲಿ ಚಕ್ರ ತಿರುಗುತ್ತಲೇ ಇರಬೇಕು. ಫೈಲು ಹಾಗಲ್ಲ, ಅದು ನೀರಿನ ಜಾತಿ. ವರ್ಷಪೂರ್ತಿ ಹರಿಯುವ ನದಿ ಇಲ್ಲದ ನಮ್ಮ ಸೀಮೆಯವರು ಊರೂರಿಗೂ ಕೆರೆ ಕಟ್ಟಿಕೊಂಡರಲ್ಲ, ಹಾಗೆ ಫೈಲನ್ನೂ ಹತ್ತಿರದಲ್ಲೇ ತುಂಬಿಟ್ಟುಕೊಳ್ಳಬಹುದು. 1998ರಲ್ಲಿ ಟಾಮ್ ಲೇಟನ್ ಮತ್ತು ಡೇನಿಯಲ್ ಲೆವಿನ್ ವೆಬ್‌ಸೈಟುಗಳ ಫೈಲನ್ನು ಓದುಗರ ಹತ್ತಿರದ ಸರ್ವರ್‌ಗಳಲ್ಲಿ ಇಟ್ಟು ಕೊಡುವ ಅಕಮಾಯ್ ಕಂಪನಿ ಕಟ್ಟಿದ್ದು ಇದೇ ಲೆಕ್ಕದ ಮೇಲೆ.

ಕಂಪನಿಯ ದಾಖಲೆಗಳಿಗೆ ಇಷ್ಟೇ ಸಾಲದು. ಯಾರು ಯಾವುದನ್ನು ನೋಡಬಹುದು ಎಂಬ ಕಾವಲು ಬೇಕು. ಅದಕ್ಕೇ ನೀವು ಕ್ಲಿಕ್ ಮಾಡಿದರೆ ಮೊದಲು ಒಂದು ಪುಟ್ಟ ಕೋರಿಕೆ ಕೇಂದ್ರಕ್ಕೆ, ಅಂದರೆ ಮುಖ್ಯ ಸರ್ವರ್‌ಗೆ, ಹೋಗುತ್ತದೆ. ಕೇಂದ್ರ ನಿಮ್ಮ ಅನುಮತಿ ನೋಡಿ, ಸಹಿ ಹಾಕಿದ ಒಂದು ಲಿಂಕ್ ಕೊಡುತ್ತದೆ. ರೇಷನ್ ಅಂಗಡಿಯ ಚೀಟಿ ಅಂದುಕೊಳ್ಳಿ. ಹತ್ತಿರದ ಸರ್ವರ್ ಆ ಸಹಿ ನೋಡಿ ತನ್ನಲ್ಲಿರುವ ಫೈಲ್ ಕೊಡುತ್ತದೆ. ಇಲ್ಲದಿದ್ದರೆ ಒಂದು ಸಲ ತರಿಸಿ, ಕೊಟ್ಟು, ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಚೀಟಿಗೆ ಗಡುವು ಇರುತ್ತದೆ. ಎರಡೂ ಕಡೆ ಗಡಿಯಾರ ಹೊಂದದಿದ್ದರೆ ಸರಿಯಾದ ಚೀಟಿಯನ್ನೂ ವಾಪಸ್ ಕಳಿಸುತ್ತದೆ!

ಹತ್ತಿರದ ಸರ್ವರ್ ಯಾವುದು ಅಂತ ಕೇಂದ್ರಕ್ಕೆ ಗೊತ್ತಾಗುವುದು ಹೇಗೆ? ಇಲ್ಲಿ ನನಗೆ ಕೆರೆ ನೀರು ಹಂಚುವ ನಮ್ಮ ನೀರುಗಂಟಿ ನೆನಪಾಗುತ್ತಾನೆ. ಯಾವ ಗದ್ದೆ ಯಾವ ತೂಬಿನದು ಅನ್ನುವುದು ಅವನ ಬಾಯಲ್ಲೇ ಇರುತ್ತಿತ್ತು. ಕೆರೆಯಲ್ಲಿ ಎಷ್ಟೇ ನೀರಿರಲಿ, ಅಚ್ಚುಕಟ್ಟಿಗೆ ಸೇರದ ಹೊಲಕ್ಕೆ ಅವನು ತೂಬು ಎತ್ತುವುದಿಲ್ಲ. ಸರ್ವರ್ ವ್ಯವಸ್ಥೆಯಲ್ಲಿ ಈ ಕೆಲಸ ಒಂದು ಪಟ್ಟಿಯದು: ಇಂಥ ಐಪಿ ವಿಳಾಸದಿಂದ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿಗೆ ಕೊಡುವ ನಂಬರು) ಇಂಥ ವಿಳಾಸದವರೆಗೆ ಇಂಥ ಜಾಗ, ಅದಕ್ಕೆ ಇಂಥ ಸರ್ವರ್. ಕಂಪನಿಗಳ ದಾಖಲೆ ನೋಡಿಕೊಳ್ಳುವ ಡಾಕ್ಯುಮೆಂಟಮ್ ಎಂಬ ಸಾಫ್ಟ್‌ವೇರ್‌ನಲ್ಲಿ ಇದನ್ನು ನೆಟ್‌ವರ್ಕ್ ಲೊಕೇಶನ್ ಅಂತಾರೆ.

ಕಾರ್ಖಾನೆಯಲ್ಲಿ ಆಗಿದ್ದೂ ಅದೇ. ಫೈಲ್ ಬರುವಾಗ ಲಿಂಕಿನಲ್ಲಿ ಯಾವ ಸರ್ವರ್ ಹೆಸರಿದೆ ಅಂತ ಸುಮ್ನೆ ಒಮ್ಮೆ ನೋಡಿದೆ. ಜರ್ಮನಿಯದು! ಪಕ್ಕದ ಕೋಣೆಯ ಸರ್ವರ್‌ಗೆ ಕೆಲಸವೇ ಇರಲಿಲ್ಲ. ಹೊಸ ಶೆಡ್ಡಿಗೆ ಕೊಟ್ಟ ವಿಳಾಸಗಳನ್ನು ಯಾರೂ ಪಟ್ಟಿಗೆ ಸೇರಿಸಿರಲಿಲ್ಲ. ಒಂದು ಸಾಲು ಸೇರಿಸಿದೆವು. ಅದೇ ಡ್ರಾಯಿಂಗ್ ಮೊದಲ ಸಲ ನಿಧಾನವಾಗಿಯೇ ಬಂತು, ಕೆರೆ ಖಾಲಿ ಇತ್ತಲ್ಲ. ಎರಡನೇ ಸಲ ಟೀ ಕಪ್ ಕೈಗೆತ್ತಿಕೊಳ್ಳುವಷ್ಟರಲ್ಲಿ ತೆರೆದಿತ್ತು. ಈಗ ಮರುದಿನ ಬೇಕಾಗುವ ಫೈಲುಗಳನ್ನು ರಾತ್ರಿಯೇ ತುಂಬಿಸಿಡುತ್ತಾರೆ.